ಹಳೆಯ ಬೀದಿಯಲ್ಲಿ ಹೊಸ ಮನೆ

ಹಳೆಯ ಬೀದಿಯಲ್ಲಿ ಹೊಸದಾಗಿ ಮನೆ ಕಟ್ಟುವವನು ನೆರೆಮನೆಗಳಿಗೆ ಎಷ್ಟರಮಟ್ಟಿಗೆ ಹೊಂದಿಕೊಳ್ಳಬೇಕು? ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದ ಚಾರ್ಲ್‌ಸ್ಟನ್ ನಗರ ಈ ಪ್ರಶ್ನೆಗೆ ಕೊಟ್ಟ ಉತ್ತರ ವಿಚಾರಯೋಗ್ಯವಾಗಿದೆ.

ಆ ದೇಶದಲ್ಲಿ ಹಳೆಯ ಬಡಾವಣೆಯೊಂದಕ್ಕೆ ಮೊತ್ತಮೊದಲು ಕಾನೂನಿನ ರಕ್ಷಣೆಯಿತ್ತ ನಗರವದು, ವರ್ಷ 1931. ಅಲ್ಲಿಯ ಸಾಂಪ್ರದಾಯಿಕ ಮನೆಯ ಅಗಲ ಒಂದೇ ಕೋಣೆಯಷ್ಟು. ಕಿರಿದಾದ ಪಕ್ಕವನ್ನು ಬೀದಿಗೆ ತೋರಿ ಅದು ನಿವೇಶನದ ಒಳಕ್ಕೆ ಚಾಚಿಕೊಂಡಿರುತ್ತದೆ. ಉದ್ದದ ಬದಿಗೆ, ಸಾಮಾನ್ಯವಾಗಿ ದಕ್ಷಿಣಕ್ಕೋ ಪಶ್ಚಿಮಕ್ಕೋ, ಕಂಬಸಾಲಿನ ಜಗಲಿ. ಬೀದಿಯ ಬಾಗಿಲನ್ನು ತೆರೆದವನು ಕಾಲಿಡುವುದು ಕೋಣೆಗಲ್ಲ, ಆ ಜಗಲಿಗೆ. ಸೆಕೆಯ ಊರಿನಲ್ಲಿ ಗಾಳಿಯನ್ನೂ ಮರೆಯನ್ನೂ ಒಟ್ಟಿಗೆ ಒದಗಿಸುವ ರೂಪವಿದು.

1980ರ ದಶಕದಲ್ಲಿ, ಜೋಸೆಫ್ ರೈಲಿಯವರು ಮೇಯರ್ ಆಗಿದ್ದಾಗ, ಬಡವರಿಗೆ ಸರ್ಕಾರಿ ಮನೆಗಳನ್ನು ಕಟ್ಟುವ ಪ್ರಸಂಗ ಬಂದಿತು. ಒಂದೇ ಕಡೆ ದೊಡ್ಡ ಕಟ್ಟಡವನ್ನೆಬ್ಬಿಸದೆ, ಹಳೆಯ ಬೀದಿಗಳ ನಡುವಣ ಖಾಲಿ ನಿವೇಶನಗಳಲ್ಲಿ ಚಿಕ್ಕ ಚಿಕ್ಕ ಗುಂಪುಗಳಾಗಿ ಕಟ್ಟಿದರು. ಅದೇ ಕಿರಿದಾದ ಮುಖ, ಅದೇ ಜಗಲಿ. ಇವು ಬಡವರ ಮನೆಗಳೆಂದು ದಾರಿಹೋಕರು ಬೆರಳು ಮಾಡಿ ತೋರುವಂತಿರಲಿಲ್ಲ. ಇದು ಬರಿಯ ಅಂದದ ಮಾತಲ್ಲ, ಮಾನದ ಮಾತು.

ಕಟ್ಟಡದ ನಿಯಮ ಛಂದಸ್ಸಿನಂತೆ. ಷಟ್ಪದಿಯಲ್ಲಿ ಹೊಸ ಪದ್ಯ ಬರೆಯುವವನು ಹಳೆಯ ಅಲಂಕಾರಗಳನ್ನು ಎರವಲು ತರಬೇಕಿಲ್ಲ; ಲಯ ತಪ್ಪದಿದ್ದರೆ ಸಾಕು. ಹಾಗೆಯೇ ಎತ್ತರ, ಅಗಲ, ಬೀದಿಗಿರುವ ಅಂತರ ಇವು ಕೂಡಿಬಂದರೆ ಹೊಸ ಮನೆ ಪರಕೀಯವೆನಿಸದು.

ಆದರೆ ನಿಯಮಕ್ಕೂ ಮಿತಿಯುಂಟು. ಅದೇ ನಗರದಲ್ಲಿ ಮನೆಗಳ ಬೆಲೆಯೇರಿ, ತಲೆಮಾರುಗಳಿಂದ ಬಾಳಿದ್ದ ಅನೇಕ ಕಪ್ಪು ಕುಟುಂಬಗಳು ಹೊರಟುಹೋದವು. ಜಗಲಿ ಉಳಿದು, ಅಲ್ಲಿ ಕೂರುತ್ತಿದ್ದವರು ಇಲ್ಲವಾದರೆ ಉಳಿಸಿದ್ದಾದರೂ ಏನನ್ನು?