ಉತ್ತರ ಬಾರದ ಪ್ರಾರ್ಥನೆ: ಕಾಯೋದು ಅಂದ್ರೆ ಸುಮ್ಮನೆ ಕೂರೋದಾ?

ಇವತ್ತಿನ ವಿಷಯ, ಕ್ರೈಸ್ತ ಬದುಕಿನಲ್ಲಿ ತಾಳ್ಮೆಯ ಪ್ರಾರ್ಥನೆ.

ನಾನು ಬಿ.ಕಾಂ ಓದಿದವನು, ಎಲ್ಲದಕ್ಕೂ ಲೆಕ್ಕ ಹಾಕೋ ಬುದ್ಧಿ. ಯುಪಿಐನಲ್ಲಿ ದುಡ್ಡು ಕಳಿಸಿ 'ಪೆಂಡಿಂಗ್' ಅಂತ ಬಂದ್ರೆ ಹೇಗೆ ಚಡಪಡಿಸ್ತೀವಿ? ನನ್ನ ಪ್ರಾರ್ಥನೆಯೂ ಹಾಗೇ ಇತ್ತು. ಅಣ್ಣನ ಕುಡಿತ ಬಿಡಲಿ ಅಂತ ನಮ್ಮ ಮನೇಲಿ ಪ್ರಾರ್ಥನೆ ಶುರುವಾಗಿ ಆರು ವರ್ಷ. ಎರಡನೇ ವರ್ಷಕ್ಕೇ ನಾನು ಕೈಬಿಟ್ಟೆ. ಅಮ್ಮ ಬಿಡಲಿಲ್ಲ. ಒಂದು ರಾತ್ರಿ ಕೇಳೇಬಿಟ್ಟೆ: "ಇಷ್ಟು ವರ್ಷ ಬೇಡಿಕೊಂಡ್ಯಲ್ಲಮ್ಮಾ, ಏನು ಸಿಕ್ತು?" ಅಮ್ಮ ಹೇಳಿದ್ದು ಇಷ್ಟೇ: "ಅವನ ಮೇಲೆ ನಂಗೆ ದ್ವೇಷ ಬಂದಿಲ್ಲ ನೋಡು."

ಆ ಮಾತು ಅರ್ಥ ಆಗೋಕೆ ನನಗೆ ಇನ್ನೊಬ್ಬ ತಾಯಿಯ ಕಥೆ ಬೇಕಾಯ್ತು.

ಮೋನಿಕಾ ಇದ್ದದ್ದು ಇವತ್ತಿನ ಅಲ್ಜೀರಿಯಾದಲ್ಲಿರೋ ತಗಾಸ್ತೆ ಎಂಬ ಊರಲ್ಲಿ. ಮಗ ಅಗಸ್ಟೀನ್ ಹುಟ್ಟಿದ್ದು ಕ್ರಿ.ಶ. 354ರಲ್ಲಿ. ತುಂಬಾ ಬುದ್ಧಿವಂತ, ಆದರೆ ತಾಯಿಯ ನಂಬಿಕೆ ಅವನಿಗೆ ಬೇಡ. ಮಾನಿ ಎಂಬುವನ ಪಂಥ ಸೇರಿ ಸುಮಾರು ಒಂಬತ್ತು ವರ್ಷ ಅಲ್ಲೇ ಇದ್ದ. 383ರಲ್ಲಿ ಕಾರ್ಥೇಜ್‌ನಿಂದ ರೋಮ್‌ಗೆ ಹೊರಟಾಗ ತಾಯಿಗೆ ಸುಳ್ಳು ಹೇಳಿ ರಾತ್ರೋರಾತ್ರಿ ಹಡಗು ಹತ್ತಿದ. ಅದೇ ರಾತ್ರಿ ಅವಳು ಕಡಲ ತೀರದ ಹತ್ತಿರದ ಪ್ರಾರ್ಥನಾಲಯದಲ್ಲಿ, ಮಗ ಹೋಗದಿರಲಿ ಅಂತ ಅಳುತ್ತಾ ಪ್ರಾರ್ಥಿಸ್ತಾ ಇದ್ದಳು.

ಆ ಪ್ರಾರ್ಥನೆಗೆ ಸಿಕ್ಕ ಉತ್ತರ 'ಇಲ್ಲ'. ಆದರೆ ಆ ಪ್ರಯಾಣವೇ ಅವನನ್ನು ಮಿಲಾನ್‌ಗೆ, ಬಿಷಪ್ ಅಂಬ್ರೋಸ್ ಹತ್ತಿರಕ್ಕೆ ಒಯ್ದಿತು. 387ರ ಈಸ್ಟರ್‌ನಲ್ಲಿ ಅಂಬ್ರೋಸ್ ಕೈಯಿಂದಲೇ ದೀಕ್ಷಾಸ್ನಾನ ಆಯ್ತು. ಆ ರಾತ್ರಿ ಕೇಳಿದ್ದನ್ನು ದೇವರು ಕೊಡದೇ ಇದ್ದದ್ದು, ಅವಳು ಯಾವತ್ತೂ ಕೇಳ್ತಿದ್ದದ್ದನ್ನು ಕೊಡೋಕೆ ಅಂತ ಅಗಸ್ಟೀನ್ ತನ್ನ 'ಕನ್ಫೆಷನ್ಸ್'ನಲ್ಲಿ ಅರ್ಥ ಮಾಡಿಕೊಳ್ತಾನೆ. ಅದೇ ವರ್ಷ ಮೋನಿಕಾ ತೀರಿಕೊಂಡಳು.

ಇಲ್ಲೊಂದು ಗಮನಿಸಿ: ಅವಳು ಬರೀ ಮೊಣಕಾಲೂರಿ ಕೂತಿರಲಿಲ್ಲ. ಸಮುದ್ರ ದಾಟಿ ಮಗನನ್ನು ಹುಡುಕಿಕೊಂಡು ಹೋದಳು. ಲೂಕನ ಸುವಾರ್ತೆ 18ನೇ ಅಧ್ಯಾಯದ ವಿಧವೆಯೂ ಅಷ್ಟೇ, ನ್ಯಾಯಾಧೀಶನ ಬಾಗಿಲಿಗೆ ಮತ್ತೆ ಮತ್ತೆ ಹೋಗ್ತಾಳೆ. ದೇವರು ಆ ನ್ಯಾಯಾಧೀಶನ ಥರ, ಪೀಡಿಸಿದ್ರೆ ಮಾತ್ರ ಕೊಡ್ತಾನೆ ಅಂತಲ್ಲ. ಅನ್ಯಾಯಗಾರನೇ ಕಿವಿಗೊಟ್ಟ ಮೇಲೆ ದೇವರು ಕೇಳದೆ ಇರ್ತಾನಾ ಅನ್ನೋದು ಯೇಸುವಿನ ಪ್ರಶ್ನೆ.

ಹಾಗಂತ ಕೇಳಿದ್ದೆಲ್ಲ ಸಿಗುತ್ತೆ ಅಂತ ಬೈಬಲ್ ಹೇಳಲ್ಲ. ಪೌಲ ತನ್ನನ್ನು ಕಾಡ್ತಿದ್ದ 'ಮುಳ್ಳು' ಹೋಗಲಿ ಅಂತ ಮೂರು ಸಲ ಬೇಡಿಕೊಂಡ. ಮುಳ್ಳು ಹೋಗಲಿಲ್ಲ, ತಾಳಿಕೊಳ್ಳೋಕೆ ಕೃಪೆ ಸಿಕ್ಕಿತು. ಗೆತ್ಸೆಮನೆಯಲ್ಲಿ ಯೇಸುವೇ ಮೂರು ಸಲ ಪ್ರಾರ್ಥಿಸಿದ, ಶಿಲುಬೆ ತಪ್ಪಲಿಲ್ಲ.

ಸರಿ, ಅಭ್ಯಾಸ ಮಾಡೋದು ಹೇಗೆ? ನಾನು ಮಾಡ್ತಿರೋದನ್ನ ಹೇಳ್ತೀನಿ.

ಒಂದು, ದಿನಕ್ಕೆ ಹತ್ತೇ ನಿಮಿಷ, ಒಂದೇ ಹೊತ್ತು. ಫೋನ್ ಬೇರೆ ರೂಮಲ್ಲಿ.

ಎರಡು, ಸಿಟ್ಟಿದ್ದರೆ ಸಿಟ್ಟನ್ನೇ ಹೇಳಿ. 13ನೇ ಕೀರ್ತನೆ ಶುರುವಾಗೋದೇ ದೇವರನ್ನು 'ಇನ್ನೂ ಎಷ್ಟು ದಿನ' ಅಂತ ಕೇಳೋದರಿಂದ. ದೂರು ಹೇಳೋದು ಅಪನಂಬಿಕೆ ಅಲ್ಲ.

ಮೂರು, ಒಂದು ಪುಸ್ತಕದಲ್ಲಿ ಎರಡು ಕಾಲಂ ಹಾಕಿ. ಎಡಕ್ಕೆ ಕೇಳಿದ್ದು, ಬಲಕ್ಕೆ ಆ ವಾರ ನಾನು ಮಾಡಿದ್ದು. ಎರಡೂ ಬದಿ ಟ್ಯಾಲಿ ಆಗಬೇಕಿಲ್ಲ, ಆದರೆ ಬಲಗಡೆ ಖಾಲಿ ಬಿಡಬೇಡಿ.

ನಾಲ್ಕು, ಒಬ್ಬರಿಗಾದರೂ ಹೇಳಿ, ಜೊತೆಗೆ ಪ್ರಾರ್ಥಿಸಿ.

ಒಂದು ಎಚ್ಚರಿಕೆ: ಮನೇಲಿ ಹೊಡೆತ ಬಡಿತ ಇದ್ದರೆ ಅದನ್ನ ಸಹಿಸೋದು ತಾಳ್ಮೆ ಅಲ್ಲ, ಮೊದಲು ಅಲ್ಲಿಂದ ಹೊರಗೆ ಬನ್ನಿ. ಕಾಯಿಲೆಗೆ ಡಾಕ್ಟರ್ ಬೇಕು. ಕುಡಿತದ ಚಟವೂ ಕಾಯಿಲೆಯೇ. ಪ್ರಾರ್ಥನೆ ಚಿಕಿತ್ಸೆಗೆ ಬದಲಿ ಅಲ್ಲ.

ಅಣ್ಣ ಪೂರ್ತಿ ಬಿಟ್ಟಿದ್ದಾನಾ? ಇಲ್ಲ. ಎರಡು ತಿಂಗಳು ಬಿಟ್ಟಿದ್ದ, ಮತ್ತೆ ಶುರು ಮಾಡಿದ. ಕಳೆದ ವಾರ ವ್ಯಸನಮುಕ್ತಿ ಕೇಂದ್ರಕ್ಕೆ ಕರೆದುಕೊಂಡು ಹೋಗಿದ್ದು ನಾನೇ. ದಾರಿಯಲ್ಲಿ ಅವನು ಕೇಳಿದ, "ನೀನು ಇನ್ನೂ ನನಗೋಸ್ಕರ ಪ್ರಾರ್ಥನೆ ಮಾಡ್ತೀಯೇನೋ?" ನಾಲ್ಕು ವರ್ಷ ಬಿಟ್ಟಿದ್ದೆ ಅಂತ ಹೇಳೋಕೆ ಬಾಯಿ ಬರಲಿಲ್ಲ. "ಮಾಡ್ತೀನಿ ಕಣಣ್ಣಾ" ಅಂದೆ. ಅವತ್ತು ರಾತ್ರಿಯಿಂದ ಅದು ಸುಳ್ಳಲ್ಲ.

ಮುಂದಿನ ಎಪಿಸೋಡ್‌ನಲ್ಲಿ ಸಿಗೋಣ.