ನೆಲ ಸವರುವ ಅಲಗು

ಭತ್ತದ ತೆನೆ ಗಿಡದ ತುದಿಗೆ. ಸೋಯಾ ಅವರೆಯ ಕಾಯಿ ಹಾಗಲ್ಲ, ಬುಡದ ಹತ್ತಿರದಿಂದಲೇ ಶುರು! ಕೆಲವು ಕಾಯಿ ನೆಲದಿಂದ 3–4 ಅಂಗುಲವಷ್ಟೇ ಮೇಲಿರುತ್ತವೆ. ಕಂಬೈನ್ ಯಂತ್ರದಿಂದ ಕೊಯ್ಯುವವರಿಗೆ ಪೀಕಲಾಟ ಇಲ್ಲೇ.

ಅಮೆರಿಕದ ಅಯೋವಾ, ಇಲಿನಾಯ್ ರಾಜ್ಯಗಳ ವಿಶಾಲ ಸೋಯಾ ಹೊಲಗಳನ್ನೇ ನೋಡಿ. ಗಿಡ ಕತ್ತರಿಸುವ ಉದ್ದನೆಯ ಪಟ್ಟಿಗೆ ಕಟ್ಟರ್ ಬಾರ್ ಎನ್ನುತ್ತಾರೆ. ಅದು ಬಾಗದ ಪಟ್ಟಿಯಾದರೆ ಉಬ್ಬಿನಲ್ಲಿ ಮಣ್ಣು ಬಗೆಯುತ್ತದೆ, ತಗ್ಗಿನಲ್ಲಿ ಕಾಯಿಗಳನ್ನು ಕೂಳೆಯಲ್ಲೇ ಬಿಡುತ್ತದೆ. ಆದ್ದರಿಂದ ಅಲ್ಲಿನ ರೈತರು ನೆಲದ ಏರಿಳಿತಕ್ಕೆ ಬಾಗಿ ಸಾಗುವ ಪಟ್ಟಿಯನ್ನು ಮೆಚ್ಚುತ್ತಾರೆ. ಆದರೆ ನೆಲ ಸವರುವ ಪಟ್ಟಿ ಕಲ್ಲನ್ನೂ ಒಳಗೆಳೆದುಕೊಂಡೀತು! ಅದಕ್ಕೆಂದೇ ಕೆಲವರು ಬಿತ್ತಿದ ಮೇಲೆ ರೋಲರ್ ಉರುಳಿಸಿ ಕಲ್ಲುಗಳನ್ನು ಮಣ್ಣಿಗೆ ಅದುಮುತ್ತಾರೆ.

ಅಲಗಿನಲ್ಲೂ ಆಯ್ಕೆಯುಂಟು. 3 ಅಂಗುಲದ ಅಲಗು ರೂಢಿಯದು. ಒಂದೂವರೆ ಅಂಗುಲದ್ದಾದರೆ ಕತ್ತರಿಸುವ ಮುನ್ನ ಗಿಡ ಅತ್ತಿತ್ತ ವಾಲುವುದು ಕಡಿಮೆ, ಒಣಗಿದ ಕಾಯಿ ಸಿಡಿಯುವುದೂ ಕಡಿಮೆ. ಮೊಂಡು ಅಲಗು ಮಾತ್ರ ಯಾವ ಅಳತೆಯದಾದರೂ ದಂಡ.

ನಾಲ್ಕು ಕಾಳು ಉದುರಿದರೆ ಏನಾಯಿತು ಎನ್ನುವಿರಾ? ಚದರ ಅಡಿಗೆ 4 ಕಾಳು ಉದುರಿದರೆ ಎಕರೆಗೆ ಹೆಚ್ಚುಕಡಿಮೆ 1 ಬುಶೆಲ್, ಅಂದರೆ 27 ಕಿಲೋ ನಷ್ಟ. ಎಕರೆಗೆ 43,560 ಚದರ ಅಡಿ, ಗುಣಿಸಿ ನೋಡಿ.

ಬೀದರ್, ಬೆಳಗಾವಿ, ಧಾರವಾಡ ಕಡೆಯ ಸೋಯಾ ಬೆಳೆಗಾರರ ಮಕ್ಕಳೂ ಇದನ್ನು ಪರೀಕ್ಷಿಸಬಹುದು. ಯಂತ್ರ ಮುಂದೆ ಹೋದ ಮೇಲೆ ಅಪ್ಪನೊಡನೆ ಹೊಲಕ್ಕಿಳಿದು, ಅಡಿ ಉದ್ದದ ನಾಲ್ಕು ಕಡ್ಡಿಗಳ ಚೌಕವಿಟ್ಟು ಕಾಳು ಎಣಿಸಿ. ಕಾಯಿ ಕೂಳೆಯಲ್ಲಿ ಉಳಿದಿದ್ದರೆ ಪಟ್ಟಿಯ ಎತ್ತರ ತಪ್ಪಿದೆ. ಬಿಡಿ ಕಾಳು ಚೆಲ್ಲಿದ್ದರೆ ಅಲಗನ್ನೂ ಯಂತ್ರದ ವೇಗವನ್ನೂ ನೋಡಲು ಹೇಳಿ. ಪಕ್ಕದಲ್ಲಿ ಇನ್ನೂ ಕೊಯ್ಯದ ಸಾಲಿನ ಬುಡದಲ್ಲಿ ತಾನಾಗಿ ಉದುರಿದ ಕಾಳನ್ನು ಆ ಲೆಕ್ಕದಿಂದ ಕಳೆಯಲು ಮರೆಯಬೇಡಿ.