ಸದ್ದಿಲ್ಲದೆ ತಿರುಗುವ ಬಿಲ್ಲೆ

ಕಿತ್ತೂರಿನ ಸೀಮೆಯಲ್ಲಿ ಚೆನ್ನಮ್ಮನ ಕಥೆಯನ್ನು ಅರಿಯದ ಮನೆಯಿಲ್ಲ. 1824ರಲ್ಲಿ ಇಂಗ್ಲಿಷರ ಸೇನೆಯನ್ನು ಕೋಟೆಯ ಮುಂದೆಯೇ ಹಿಮ್ಮೆಟ್ಟಿಸಿ, 1829ರಲ್ಲಿ ಬೈಲಹೊಂಗಲದ ಸೆರೆಯಲ್ಲಿ ಪ್ರಾಣಬಿಟ್ಟ ಆ ರಾಣಿಯ ಚರಿತ್ರೆಯನ್ನು ಬಿ. ಆರ್. ಪಂತುಲು ಅವರು 1961ರಲ್ಲಿ ಬೆಳ್ಳಿತೆರೆಗೆ ತಂದರು. ಬಿ. ಸರೋಜಾದೇವಿ ಚೆನ್ನಮ್ಮನಾಗಿ, ರಾಜಕುಮಾರ್ ಮಲ್ಲಸರ್ಜನಾಗಿ ಅಭಿನಯಿಸಿದ ಆ ಚಿತ್ರವನ್ನು ಹಿಂದೆ ಟಾಕೀಜಿನಲ್ಲಿ ನೋಡಿದವರು, ಮುಂದೆ ಹಳೆಯ ಚಿತ್ರಗಳು ಬಿಲ್ಲೆಯ ರೂಪದಲ್ಲಿ ಅಂಗಡಿಗೆ ಬಂದಾಗ ಮನೆಯ ಕಪಾಟಿನಲ್ಲಿಯೇ ಇರಿಸಿಕೊಳ್ಳುವಂತಾಯಿತು. 2007ರ ಸುಮಾರಿಗೆ ಮೋಸರ್ ಬೇರ್ ಕಂಪನಿಯು ಚಲನಚಿತ್ರದ ವಿ.ಸಿ.ಡಿ.ಯನ್ನು 28 ರೂಪಾಯಿಗೂ ಡಿ.ವಿ.ಡಿ.ಯನ್ನು 34 ರೂಪಾಯಿಗೂ ಮಾರತೊಡಗಿದ ಮೇಲಂತೂ ಸಾಮಾನ್ಯ ಸಂಬಳದ ಗೃಹಸ್ಥರೂ ಒಂದೊಂದಾಗಿ ಬಿಲ್ಲೆಗಳನ್ನು ಕೂಡಿಹಾಕಿದರು.

ಈಗ ಕಾಲ ಬದಲಾಗಿದೆ. ಆ ಕಂಪನಿಯನ್ನು ಮುಚ್ಚುವಂತೆ 2018ರಲ್ಲಿ ಆಜ್ಞೆಯಾಯಿತು. ಹೊಸ ಕಂಪ್ಯೂಟರುಗಳಲ್ಲಿ ಬಿಲ್ಲೆ ಹಾಕುವ ಬಾಯಿಯೇ ಅಪರೂಪ. ಟಿ.ವಿ.ಗೆ ಜೋಡಿಸಿ ಚಿತ್ರ ನೋಡಲೆಂದು ಕೊಂಡ ಪುಟ್ಟ ಕಂಪ್ಯೂಟರಿನಲ್ಲಿ ಅದಕ್ಕೆ ಎಡೆಯಾದರೂ ಎಲ್ಲಿ? ಆದುದರಿಂದ ಹೊರಗಿನಿಂದ ಜೋಡಿಸುವ ಡಿ.ವಿ.ಡಿ. ಡ್ರೈವೊಂದನ್ನು ಕೊಳ್ಳುವುದು ಅನಿವಾರ್ಯ. ಆದರೆ ತಂದು ಜೋಡಿಸಿದ ಮೇಲೆ, ರಾಣಿಯು ಗಂಭೀರವಾಗಿ ನುಡಿಯುವ ಸನ್ನಿವೇಶದಲ್ಲಿ ಪಕ್ಕದಲ್ಲಿ ಹಿಟ್ಟಿನ ಗಿರಣಿ ತಿರುಗಿದಂತೆ ಸದ್ದಾದರೆ ಚಿತ್ರದ ಸೊಗಸೇ ಕೆಡುತ್ತದೆ. ಬೆಳಗಾವಿಗೋ ಧಾರವಾಡಕ್ಕೋ ಹೋಗಿ ಕೊಂಡು ತಂದದ್ದನ್ನು ರಾಮದುರ್ಗದಿಂದಲೋ ಸವದತ್ತಿಯಿಂದಲೋ ಮರಳಿ ಒಯ್ದು ಬದಲಿಸಿಕೊಳ್ಳುವುದು ಸುಲಭವಲ್ಲ. ಮೊದಲೇ ತಿಳಿದು ಕೊಳ್ಳುವುದು ಮೇಲು.

ಸದ್ದು ಹುಟ್ಟುವ ಬಗೆ

ಬಿಲ್ಲೆಯ ಅಡ್ಡಳತೆ 12 ಸೆಂಟಿಮೀಟರ್. ಚಲನಚಿತ್ರವನ್ನು ನೋಡಲು ಡಿ.ವಿ.ಡಿ.ಯು ಕಿರಣದ ಮುಂದೆ ಸೆಕೆಂಡಿಗೆ ಸುಮಾರು ಮೂರೂವರೆ ಮೀಟರಿನಷ್ಟು ಸರಿದರೆ ಸಾಕು. ಸೈಕಲ್ ಸವಾರನ ಸಾವಧಾನದ ನಡೆಯೇ ಅದು. ಇದನ್ನು ಒಂದು ಪಟ್ಟು ವೇಗವೆನ್ನುತ್ತಾರೆ. ಅಂಗಡಿಯವರು ಹೆಮ್ಮೆಯಿಂದ ತೋರಿಸುವ ‘16 ಪಟ್ಟು’ ವೇಗದಲ್ಲಿ ಅದೇ ಬಿಲ್ಲೆ ನಿಮಿಷಕ್ಕೆ 9,000 ಸುತ್ತುಗಳಿಗಿಂತ ಹೆಚ್ಚು ತಿರುಗುತ್ತದೆ. ಆಗ ಅದರ ಅಂಚು ಗಂಟೆಗೆ 200 ಕಿಲೋಮೀಟರನ್ನು ಮೀರಿ ಧಾವಿಸುತ್ತದೆ. ಕಿತ್ತೂರಿನ ಬದಿಯಲ್ಲಿ ಹಾದುಹೋಗುವ ಪುಣೆ–ಬೆಂಗಳೂರು ಹೆದ್ದಾರಿಯ ಬಸ್ಸೂ ಅಷ್ಟು ವೇಗವಾಗಿ ಓಡದು! ಗಾಳಿಯನ್ನು ಸೀಳುವ ಆ ರಭಸವೇ ಸದ್ದಿನ ಮೊದಲ ಮೂಲ.

ಎರಡನೆಯದು ತೂಕದ ಅಸಮತೆ. ಬಿಲ್ಲೆಯ ಮೇಲೆ ಹೆಸರು ಬರೆದ ಕಾಗದವನ್ನು ಓರೆಯಾಗಿ ಅಂಟಿಸಿದ್ದರೆ ಅಷ್ಟರಿಂದಲೇ ಡ್ರೈವು ನಡುಗುತ್ತದೆ. ಮೂರನೆಯದು, ಗೀರುಬಿದ್ದ ಕಡೆ ಓದಲಾಗದೆ ಕಿರಣದ ಮೊನೆ ಹಿಂದಕ್ಕೂ ಮುಂದಕ್ಕೂ ತಡಕಾಡುವಾಗಿನ ಟಕಟಕ ಸದ್ದು. ಬಿಲ್ಲೆಯನ್ನು ಹಾಕಿದೊಡನೆ ಕೆಲವು ಕ್ಷಣ ಕೇಳುವ ಗುಂಯ್‌ಗುಟ್ಟುವಿಕೆ ಮಾತ್ರ ದೋಷವಲ್ಲ. ಡ್ರೈವು ಬಿಲ್ಲೆಯ ಜಾತಿಯನ್ನು ಗುರುತಿಸಿಕೊಳ್ಳುವ ಸಮಯವದು.

ಯಾವುದನ್ನು ಕೊಳ್ಳಬೇಕು?

ತಾಳಿದವನು ಬಾಳಿಯಾನು ಎಂಬ ಗಾದೆ ಇಲ್ಲಿ ಅಕ್ಷರಶಃ ಸಲ್ಲುತ್ತದೆ. ಹೆಚ್ಚು ವೇಗದ ಡ್ರೈವು ಚಿತ್ರ ನೋಡುವವನಿಗೆ ಹೆಚ್ಚಿನ ಸುಖವನ್ನೇನೂ ಕೊಡದು. ದೊಡ್ಡ ಡ್ರೈವುಗಳಿಗೆ ಪ್ರತ್ಯೇಕ ವಿದ್ಯುತ್ ಸಂಪರ್ಕ ಬೇಕು. ತೆಳುವಾದ ಡ್ರೈವುಗಳಾದರೋ ಕಂಪ್ಯೂಟರಿನ ಯು.ಎಸ್.ಬಿ. ಕಿಂಡಿಯಿಂದಲೇ ವಿದ್ಯುತ್ತನ್ನು ಪಡೆಯುತ್ತವೆ. ಅವುಗಳ ಮೇಲಿನ ಮಿತಿ ಸಾಮಾನ್ಯವಾಗಿ 8 ಪಟ್ಟು ಮಾತ್ರ. ಆದುದರಿಂದ ಪಡಸಾಲೆಗೆ ತೆಳುವಾದುದೇ ಯೋಗ್ಯ.

ಇನ್ನೊಂದು ಗುಣವನ್ನೂ ವಿಚಾರಿಸಬೇಕು. ಅನೇಕ ಡ್ರೈವುಗಳು ಚಲನಚಿತ್ರದ ಡಿ.ವಿ.ಡಿ.ಯನ್ನು ಗುರುತಿಸಿದೊಡನೆ ತಾವಾಗಿಯೇ ವೇಗವನ್ನು ಇಳಿಸಿಕೊಳ್ಳುತ್ತವೆ. ಪಯೋನಿಯರ್ ಕಂಪನಿಯ ಕೆಲವು ಬ್ಲೂ-ರೇ ಡ್ರೈವುಗಳಲ್ಲಿ ಸದ್ದನ್ನು ತಗ್ಗಿಸುವ ಪ್ರತ್ಯೇಕ ಏರ್ಪಾಡೇ ಇದೆ. ಅಂಥ ಗುಣವಿಲ್ಲದ ಡ್ರೈವನ್ನೂ ಹದ್ದುಬಸ್ತಿನಲ್ಲಿಡಬಹುದು. ವೇಗಕ್ಕೆ ಮಿತಿ ಹಾಕುವ ಸಣ್ಣ ತಂತ್ರಾಂಶಗಳು ದೊರೆಯುತ್ತವೆ. ಲಿನಕ್ಸ್ ವ್ಯವಸ್ಥೆಯಲ್ಲಿ ‘ಇಜೆಕ್ಟ್’ ಎಂಬ ಆದೇಶವೇ ಆ ಕೆಲಸವನ್ನು ಮಾಡುತ್ತದೆ.

ಬ್ಲೂ-ರೇ ಬೇಕೆ? ಡಿ.ವಿ.ಡಿ.ಯ ಒಂದು ಪದರದಲ್ಲಿ 4.7 ಗಿಗಾಬೈಟ್ ಹಿಡಿಸಿದರೆ ಬ್ಲೂ-ರೇಯ ಒಂದು ಪದರದಲ್ಲಿ 25 ಗಿಗಾಬೈಟ್ ಹಿಡಿಸುತ್ತದೆ. ಚಿತ್ರದ ಸ್ಪಷ್ಟತೆಯೂ ಅದಕ್ಕೆ ತಕ್ಕಂತೆ ಹೆಚ್ಚು. ಆದರೆ ಕಪಾಟಿನಲ್ಲಿರುವುದೆಲ್ಲ ವಿ.ಸಿ.ಡಿ., ಡಿ.ವಿ.ಡಿ.ಗಳೇ ಆಗಿದ್ದರೆ ಆ ವೆಚ್ಚ ವ್ಯರ್ಥ. ಬ್ಲೂ-ರೇ ಚಿತ್ರಕ್ಕೆ ಡ್ರೈವಿನ ಜೊತೆಗೆ ಅದಕ್ಕೆಂದೇ ಇರುವ ತಂತ್ರಾಂಶವೂ ಬೇಕಾಗುತ್ತದೆ. ಡಿ.ವಿ.ಡಿ.ಗಾದರೆ ಉಚಿತವಾಗಿ ದೊರೆಯುವ ವಿ.ಎಲ್.ಸಿ. ಸಾಕು.

ಪರದೇಶದಲ್ಲಿರುವ ಮಕ್ಕಳು ಕಳುಹಿಸಿದ ಬಿಲ್ಲೆಗಳಿದ್ದರೆ ಒಂದು ಎಚ್ಚರಿಕೆ. ಡಿ.ವಿ.ಡಿ.ಗಳಿಗೆ ವಲಯದ ಸಂಖ್ಯೆಯುಂಟು. ಭಾರತದ್ದು 5, ಅಮೆರಿಕೆಯದು 1. ಡ್ರೈವಿನಲ್ಲಿ ಈ ಸಂಖ್ಯೆಯನ್ನು ಐದೇ ಸಲ ಬದಲಿಸಲು ಅವಕಾಶ. ಬಳಿಕ ಕೊನೆಯ ಸಂಖ್ಯೆಯೇ ಶಾಶ್ವತವಾಗುತ್ತದೆ.

ಇಡುವ ಜಾಗ

ಒಳ್ಳೆಯ ಡ್ರೈವನ್ನೂ ತಪ್ಪಾದ ಕಡೆ ಇಟ್ಟರೆ ಗದ್ದಲ ಮಾಡುತ್ತದೆ. ಟೊಳ್ಳಾದ ಮರದ ಪೆಟ್ಟಿಗೆಯ ಮೇಲಿಟ್ಟರೆ ಪೆಟ್ಟಿಗೆಯೇ ಡೊಳ್ಳಿನಂತೆ ಅನುರಣಿಸುತ್ತದೆ. ಅಡಿಯಲ್ಲಿ ರಬ್ಬರಿನ ತುಂಡನ್ನೋ ದಪ್ಪನೆಯ ಉಣ್ಣೆಯ ಬಟ್ಟೆಯನ್ನೋ ಹಾಸಿ, ಸಮತಟ್ಟಾಗಿ, ಕೂರುವ ಜಾಗದಿಂದ ತುಸು ದೂರದಲ್ಲಿ ಇಡಬೇಕು. ಸದ್ದಡಗಲೆಂದು ಮೇಲೆ ಬಟ್ಟೆ ಹೊದಿಸುವುದು ಸಲ್ಲದು, ಒಳಗೆ ಕಾವೇರುತ್ತದೆ. ತಂತಿಯು ಗಿಡ್ಡವಾಗಿರಲಿ. ಹಳೆಯ ಯು.ಎಸ್.ಬಿ. 2 ಕಿಂಡಿ ಅರ್ಧ ಆಂಪಿಯರ್ ವಿದ್ಯುತ್ತನ್ನು ಮಾತ್ರ ಕೊಡಬಲ್ಲದು, ಯು.ಎಸ್.ಬಿ. 3 ಕಿಂಡಿ 0.9 ಆಂಪಿಯರ್ ಕೊಡಬಲ್ಲದು. ವಿದ್ಯುತ್ತು ಸಾಲದೆ ಹೋದಾಗ ಡ್ರೈವು ಏಳುವುದೂ ನಿಲ್ಲುವುದೂ ಆಗಿ ಟಕಟಕ ಎನ್ನುತ್ತದೆ. ಇದನ್ನು ಡ್ರೈವಿನ ದೋಷವೆಂದು ತಿಳಿದು ಮರಳಿ ಕೊಡುವವರುಂಟು.

ಬಿಲ್ಲೆಗೂ ಆಯುಷ್ಯವುಂಟು

ಚಲನಚಿತ್ರದ ಬಿಲ್ಲೆ ಹೋದರೆ ಇನ್ನೊಂದನ್ನು ಹುಡುಕಬಹುದು. ಆದರೆ ಅದೇ ಕಪಾಟಿನಲ್ಲಿ ಮದುವೆಯ, ಸೀಮಂತದ, ಗೃಹಪ್ರವೇಶದ ಬಿಲ್ಲೆಗಳೂ ಇರುತ್ತವೆ. ಸೋಬಾನೆ ಹಾಡಿದ ಅಜ್ಜಿಯ ದನಿ, ಮಗಳನ್ನು ಕಳುಹಿಸಿಕೊಡುವಾಗ ತಂದೆ ಆಡಿದ ಎರಡು ಮಾತು, ಇಂದು ಇಲ್ಲದವರ ನಗುಮುಖ, ಇವುಗಳಿಗೆ ಮತ್ತೊಂದು ಪ್ರತಿ ಎಲ್ಲಿಯೂ ಇರಲಾರದು. ಕಾರ್ಖಾನೆಯಲ್ಲಿ ಅಚ್ಚೊತ್ತಿದ ಬಿಲ್ಲೆಯಲ್ಲಿ ಗುರುತುಗಳು ಪ್ಲಾಸ್ಟಿಕ್ಕಿನಲ್ಲಿಯೇ ಮೂಡಿರುತ್ತವೆ. ಊರಿನ ಸ್ಟುಡಿಯೋದವರು ಬರೆದುಕೊಟ್ಟ ಬಿಲ್ಲೆಯಲ್ಲಾದರೋ ಅವು ಬಣ್ಣದ ತೆಳುಪದರದ ಮೇಲಿನ ಗುರುತುಗಳು. ಬಿಸಿಲು, ಸೆಕೆ, ತೇವಗಳಿಂದ ಆ ಬಣ್ಣ ವರ್ಷಗಳು ಕಳೆದಂತೆ ಮಾಸುತ್ತದೆ. ಕಣ್ಣಿಗೆ ಬಿಲ್ಲೆ ಹೊಳೆಯುತ್ತಲೇ ಇದ್ದರೂ ಡ್ರೈವು ಅದನ್ನು ಓದಲಾರದೆ ಹೋಗಬಹುದು.

ಆದುದರಿಂದ ಡ್ರೈವು ಮನೆಗೆ ಬಂದ ದಿನ ಮೊದಲು ಹಾಕಬೇಕಾದುದು ಸಿನಿಮಾದ ಬಿಲ್ಲೆಯನ್ನಲ್ಲ, ಮನೆಯ ಬಿಲ್ಲೆಯನ್ನು. ಮೆತ್ತನೆಯ ಬಟ್ಟೆಯಿಂದ ನಡುವಿನಿಂದ ಅಂಚಿಗೆ ನೇರವಾಗಿ ಒರೆಸಿ, ಕಡಿಮೆ ವೇಗದಲ್ಲಿ ಓದಿಸಿ, ಅದರಲ್ಲಿರುವುದನ್ನೆಲ್ಲ ಎರಡು ಬೇರೆಬೇರೆ ಹಾರ್ಡ್ ಡಿಸ್ಕುಗಳಿಗೆ ಇಳಿಸಿಕೊಳ್ಳಬೇಕು. ಗೀರುಬಿದ್ದ ಬಿಲ್ಲೆಯನ್ನು ಒಂದು ಡ್ರೈವು ಓದದಿದ್ದರೆ ಇನ್ನೊಂದು ಓದುವುದುಂಟು. ಒಂದೇ ಯತ್ನಕ್ಕೆ ನಿರಾಶರಾಗಿ ಎಸೆಯಬಾರದು. ಇಳಿಸಿಕೊಂಡ ಮೇಲೆ ಆ ಚಿತ್ರಗಳನ್ನು ನೋಡಲು ಬಿಲ್ಲೆ ತಿರುಗಬೇಕಾದುದೇ ಇಲ್ಲ. ಸದ್ದಿನ ಪ್ರಶ್ನೆಯೂ ಅಲ್ಲಿಗೆ ಮುಗಿಯಿತು.

ಸೋನಿ ಕಂಪನಿಯು ಬರೆಯಬಲ್ಲ ಬ್ಲೂ-ರೇ ಬಿಲ್ಲೆಗಳ ತಯಾರಿಕೆಯನ್ನು 2025ರ ಫೆಬ್ರವರಿಯಲ್ಲಿ ನಿಲ್ಲಿಸಿತು. ಬಿಲ್ಲೆಗಳ ಯುಗ ಇಳಿಹೊತ್ತಿಗೆ ಬಂದಿದೆಯೆಂಬುದಕ್ಕೆ ಇದೊಂದು ಸಾಕ್ಷಿ. ಓದುವ ಯಂತ್ರಗಳು ಅಂಗಡಿಯಲ್ಲಿ ದೊರೆಯುತ್ತಿರುವಾಗಲೇ, ಬಿಲ್ಲೆಗಳ ಬಣ್ಣ ಮಾಸುವ ಮುನ್ನವೇ ಈ ಕೆಲಸವನ್ನು ಮುಗಿಸಿಕೊಳ್ಳುವುದು ಜಾಣತನ. ಸದ್ದಿಲ್ಲದ ಡ್ರೈವು ಮನೆಗೆ ಬೇಕು ನಿಜ. ಹಿರಿಯರ ದನಿ ಸದ್ದಿಲ್ಲದೆ ಅಳಿಸಿಹೋಗದಂತೆ ನೋಡಿಕೊಳ್ಳುವುದು ಅದಕ್ಕಿಂತ ಮೊದಲ ಕರ್ತವ್ಯ.